ದೊಡ್ಡೀರ ಸೆಲ್ಲು ಬೆಚ್ಚಗಿಟ್ಟಿದ್ದು

ಇದು ನಡೆದಿದ್ದೇ ಕಣ್ರಪ್ಪಾ. ಸುಳ್ಳಂದ್ರೆ ಈ ಮೀಸೆ ಬೋಳಿಸ್ಕೊಂಡು ನಿಮ್ಮ ಕೈಗೆ ಕೊಡ್ತೀನಿ. ಏಳೂರು ನ್ಯಾಯ ತೀರ್ಸಿರೋ ಮೀಸೆ ಇದು, ಸುಮ್ಸುಮ್ನೆ ಪಣಕ್ಕಿಡಲ್ಲ.

ಸಣ್ಣತಾಯಮ್ಮ ಅಂತ ಒಬ್ಳು. ಅವಳಿಗೆ ದೊಡ್ಡೀರ ಅಂತ ಒಬ್ನೇ ಮಗ. ಆಳುದ್ದ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿಂದ ಮೇಲಕ್ಕೆ ಹತ್ತಿರ್ಲಿಲ್ಲ. ಅವ್ವ ಹೇಳಿದ್ದೊಂದು ಮಾತೂ ಮೀರ್ತಿರ್ಲಿಲ್ಲ, ಅದೇ ಅವಳಿಗೆ ತಲೆನೋವು.

ಅವಳ ಹ್ಯಾಟೆಕೋಳಿ ಕಾವಿಗೆ ಕೂತಿತ್ತು. ಕತ್ಲೆ ಕೋಣೇಲಿ ಮೊಟ್ಟೆಗೆ ಬ್ಯಾಟ್ರಿ ಬೆಳಕು ಹಿಡಿದ್ರೆ ಒಳಗೆ ಕೆಂಪು ನರ ಕಾಣ್ಬೇಕು. ಕಾಣ್ದಿದ್ದನ್ನ ತೆಗೀದಿದ್ರೆ ಅದು ಕೊಳೆತು ಒಡೆದು ಮಿಕ್ಕಿದ್ದನ್ನೂ ಹಾಳು ಮಾಡ್ತದೆ. ಆ ಮರಿಗಳನ್ನ ಮಾರಿ ಹಬ್ಬಕ್ಕೊಂದು ಸೀರೆ ತಗಳೋ ಆಸೇಲಿದ್ಲು. ನೋಡಿದ್ರೆ ಬ್ಯಾಟ್ರೀಲಿ ಸೆಲ್ಲಿಲ್ಲ.

ಗಟ್ಟಿಮುಟ್ಟಾಗಿರೋ ಸೆಲ್ಲು ತಗಂಬಾ ಅಂತ ಮಗನ್ನ ಅಂಗಡಿಗೆ ಅಟ್ಟಿದ್ಲು. ಇವನು ಅಲ್ಲಿದ್ದಿದ್ರಲ್ಲೆಲ್ಲಾ ದಪ್ಪಂದು, ಒನಕೆ ತುಂಡಿನಂಥದ್ದು ತಂದ. ಬ್ಯಾಟ್ರಿನೋ ಹೆಬ್ಬೆಟ್ಟಿನ ಗಾತ್ರ. ಎಲ್ಲಿಂದ ಹೋಗ್ತದೆ?

“ಮೂದೇವಿ, ಒಳಕ್ಕೆ ಸಲೀಸಾಗಿ ಹೋಗೋದನ್ನ ತರಬಾರ್ದೇನ್ಲಾ?”

ಆಯ್ತವ್ವ ಅಂತ ಓಡ್ದ. ಈ ಸಲ ಬೀಡಿಯಂಥದ್ದು ತಂದ. ಸಲೀಸಾಗೇ ಹೋಯ್ತು. ಬಗ್ಗಿಸಿದ್ರೆ ಅಷ್ಟೇ ಸಲೀಸಾಗಿ ಆಚೆಗೂ ಬಂತು. ಅಲ್ಲಾಡಿಸಿದ್ರೆ ಗಲಗಲ. ಬೆಳಕು ಮಾತ್ರ ಇಲ್ಲ.

“ಅಲ್ಲಾಡಿಸಿ ನೋಡ್ಬೇಕು ಕಣ್ಲಾ. ಸದ್ದು ಬಂದ್ರೆ ಬಿಸಾಕು, ಸದ್ದಿಲ್ದೆ ಕೂತ್ರೆ ಇಟ್ಕೊ.”

ಅದಕ್ಕೂ ಆಯ್ತವ್ವ ಅಂದ.

ಅಷ್ಟೊತ್ತಿಗೆ ಸೆರಗಿನ ಗಂಟಲ್ಲಿ ದುಡ್ಡು ಮುಗಿದಿತ್ತು. ಗೋಡೆ ಗಡಿಯಾರದ ಸೆಲ್ಲು ಕಿತ್ತು ಅವಳೇ ಹಾಕಿದ್ಲು. ಅಳತೆ ಸರಿಯಾಗಿತ್ತು, ಬೆಳಕು ಮಿಣುಕುಹುಳದಷ್ಟು. ಇದನ್ನ ಬೆಚ್ಚಗಿರೋ ಕಡೆ ಇಡು, ಒಸಿ ಜೀವ ಬರ್ತದೆ ಅಂದು ನೀರಿಗೆ ಹೋದ್ಲು. ಊರೋರೆಲ್ಲಾ ಬಿಸಿಲಿಗೆ ಹೆಂಚಿನ ಮೇಲೆ ಇಡ್ತಾರಲ್ಲ, ಹಂಗಿಡ್ಲಿ ಅಂತ.

ದೊಡ್ಡೀರ ಹೆಂಚು ಮುಟ್ಟಿ ನೋಡ್ದ. ಒಲೆ ಮುಟ್ಟಿ ನೋಡ್ದ. ಕೋಳಿ ಹೊಟ್ಟೆ ಕೆಳಗೂ ಕೈ ಹಾಕಿ ನೋಡ್ದ. ಇಡೀ ಮನೇಲಿ ಹದವಾಗಿ ಬೆಚ್ಚಗಿರೋ ಜಾಗ ಅದೇ. ಆದ್ರೆ ಅಲ್ಲಿ ಮೊಟ್ಟೆ ತುಂಬಿದ್ವು. ಒಂದೊಂದೇ ತೆಗೆದು ಕಿವಿ ಹತ್ರ ಹಿಡಿದು ಅಲ್ಲಾಡಿಸ್ದ. ಎಲ್ಲಾನೂ ಗುಳುಗುಳು ಅಂದ್ವು.

ಸಣ್ಣತಾಯಮ್ಮ ಬಿಂದಿಗೆ ಇಳಿಸಿ ನೋಡ್ತಾಳೆ, ಕೋಳಿ ಒಂದೇ ಒಂದು ಸೆಲ್ಲಿನ ಮೇಲೆ ಗಂಭೀರವಾಗಿ ಕೂತೈತೆ.

“ಮೊಟ್ಟೆ ಎಲ್ಲೋ?”

“ಒಂದೂ ಸದ್ದಿಲ್ದೆ ಕೂರ್ಲಿಲ್ಲ ಅವ್ವ, ತಿಪ್ಪೆಗೆ ಬಿಸಾಕ್ದೆ. ಸೆಲ್ಲೊಂದೇ ಗಟ್ಟಿ. ಮರಿ ಮಾಡ್ಲಿ ತಡಿ, ಎಲ್ಲಾ ಅಳತೇದೂ ಮನೇಲೇ ಸಿಕ್ತವೆ.”

ದಪ್ಪ ಸೆಲ್ಲು, ಸಣ್ಣ ಸೆಲ್ಲು, ಮೊಟ್ಟೆ, ಎಲ್ಲಾ ಸೇರಿ ಆ ಪೆದ್ದ ಕಳೆದಿದ್ದು ಇನ್ನೂರ ನಲವತ್ಮೂರು ರೂಪಾಯಿ.