ಬಾಸಿಂಗ ಬಿಚ್ಚಿಕೊಟ್ಟ ನಟ

“ಗುರುಗಳೇ, ನಾನು ಕಲಿಸಿದವನು ನನಗಿಂತ ಚೆನ್ನಾಗಿ ಹಾಡಿದ. ನನಗೇಕೆ ಸಂತೋಷವಾಗಲಿಲ್ಲ?”

ಕೇಳಿದವನು ಮಡಿವಾಳಯ್ಯ. ಮಠದಲ್ಲಿ ಕಿರಿಯರಿಗೆ ವಚನ ಹಾಡುವುದನ್ನು ಕಲಿಸುತ್ತಿದ್ದ. ಹಿಂದಿನ ದಿನದ ಸಭೆಯಲ್ಲಿ ಅವನಿಂದ ಕಲಿತವನೊಬ್ಬ ಹಾಡಿದ್ದ. ಜನ ಹಾಡಿದವನನ್ನು ಸುತ್ತುವರಿದು ಹೊಗಳಿದ್ದರು. ಕಲಿಸಿದವರು ಯಾರೆಂದು ಒಬ್ಬರೂ ಕೇಳಿರಲಿಲ್ಲ.

“ಇನ್ನು ಅವನಿಗೆ ಕಲಿಸುವುದು ನನ್ನಿಂದಾಗದು. ಅವನ ಮುಖ ನೋಡಿದರೆ ಎದೆ ಉರಿಯುತ್ತದೆ. ಬೇರೆ ಕೆಲಸ ಕೊಡಿ,” ಎಂದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. “ಕೆಲಸದ ಮಾತು ಆಮೇಲೆ. ಮೊದಲು ಒಬ್ಬ ಸಿನಿಮಾದವನ ಕತೆ ಕೇಳು,” ಎಂದು ಹೇಳತೊಡಗಿದರು.

ಅಡಿವೆಪ್ಪ ಎಂಬವನು ಹುಟ್ಟಿದ್ದು ಒಂದು ನಾಟಕ ಕಂಪನಿಯಲ್ಲಿ. ತಾಯಿ ಪಾತ್ರ ಮಾಡುತ್ತಿದ್ದಳು, ತಂದೆ ಪರದೆ ಬರೆಯುತ್ತಿದ್ದ. ಕಂಪನಿ ಎಲ್ಲಿ ಡೇರೆ ಹೊಡೆಯಿತೋ ಅದೇ ಅವನ ಊರು. ನಡೆಯಲು ಕಲಿತ ಹೊಸದರಲ್ಲೇ ಅವನಿಗೆ ಬಾಲಕೃಷ್ಣನ ವೇಷ ಹಾಕಿ ರಂಗಕ್ಕೆ ಬಿಟ್ಟರು. ಬೆಣ್ಣೆ ಕದಿಯುವ ದೃಶ್ಯದಲ್ಲಿ ಅವನು ನಿಜವಾಗಿಯೂ ಬೆಣ್ಣೆ ತಿನ್ನುತ್ತ ಕೂತುಬಿಟ್ಟ, ಮಾತು ಮರೆತ. ಜನ ಬಿದ್ದು ಬಿದ್ದು ನಕ್ಕರು. ಆ ನಗು ಅವನಿಗೆ ಬೆಣ್ಣೆಗಿಂತ ರುಚಿಯಾಯಿತು.

ಅದೇ ಕಂಪನಿಯಲ್ಲಿ ಕೊಟ್ರಪ್ಪ ಎಂಬ ಗೆಳೆಯನಿದ್ದ. ಅಡಿವೆಪ್ಪ ರಾಜನಾದರೆ ಕೊಟ್ರಪ್ಪ ದ್ವಾರಪಾಲಕ. ಕಂಪನಿ ಮುಚ್ಚಿದಾಗ ಇಬ್ಬರೂ ಕೂಡಿ ಮದರಾಸಿನ ರೈಲು ಹತ್ತಿದರು.

ಅಲ್ಲಿ ಅಡಿವೆಪ್ಪ ಮೊದಲು ಗುಂಪಿನಲ್ಲಿ ನಿಂತ, ಆಮೇಲೆ ನಾಯಕನ ಗೆಳೆಯನಾದ, ಆಮೇಲೆ ತಾನೇ ನಾಯಕನಾದ. ಅಷ್ಟಾದರೂ ಅವನಿಗೆ ತೃಪ್ತಿಯಾಗಲಿಲ್ಲ. ಆ ಕಾಲದ ಚಿತ್ರಗಳಲ್ಲಿ ಅಗಸನೂ ಪಂಡಿತನ ಹಾಗೆ ಮಾತಾಡುತ್ತಿದ್ದ. ಅಡಿವೆಪ್ಪ ತಾನೇ ನಿರ್ದೇಶಕನಾಗಿ ನಿಂತು, ಜನ ಸಂತೆಯಲ್ಲಿ ಹೇಗೆ ಮಾತಾಡುತ್ತಾರೋ ಪರದೆಯ ಮೇಲೂ ಹಾಗೇ ಮಾತಾಡಿಸಿದ. ಕ್ಯಾಮೆರಾವನ್ನು ಸ್ಟುಡಿಯೋದಿಂದ ಬೀದಿಗೆ ತಂದ. ಮೊದಲು ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಅದನ್ನೇ ಮಾಡಿದರು. ಹೊಸದಾಗಿ ಚಿತ್ರ ಮಾಡಲು ಬಂದವರು ಅವನ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಕೆಲಸ ಕಲಿತರು.

ಅವನ ಪ್ರತಿ ಚಿತ್ರಕ್ಕೂ ಅವನೇ ನಾಯಕ. ನಿಜದಲ್ಲಿ ತಲೆ ಬೋಳಾಗಿ ಬಹಳ ವರ್ಷವಾಗಿತ್ತು. ಪರದೆಯ ಮೇಲೆ ಮಾತ್ರ ಗುಂಗುರು ಕೂದಲು, ಕಪ್ಪು ಮೀಸೆ. ಹಾಗಾಗಿ ಅಂಗಡಿ ಬೀದಿಯಲ್ಲಿ ನಡೆದು ಹೋದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಕೊಟ್ರಪ್ಪನೂ ಪ್ರತಿ ಚಿತ್ರದಲ್ಲಿ ಇರುತ್ತಿದ್ದ. ಒಮ್ಮೆ ಪೋಸ್ಟಿನವನು, ಒಮ್ಮೆ ಪೊಲೀಸಿನವನು.

ಅಡಿವೆಪ್ಪನಿಗೆ ಪ್ರಾಯದಿಂದಲೂ ಒಂದು ಆಸೆಯಿತ್ತು. ಮದುವೆಗಳಲ್ಲಿ ಕ್ಲಾರಿನೆಟ್ ಊದುವ ಒಬ್ಬ ಬ್ಯಾಂಡಿನವನ ಕತೆಯನ್ನು ಅವನು ಕಟ್ಟಿಟ್ಟಿದ್ದ. ಊರವರ ಮದುವೆಗೆಲ್ಲ ಊದಿ ಊದಿ ಮುದುಕನಾದವನಿಗೆ ಕೊನೆಗೊಮ್ಮೆ ಮದುವೆ ಕೂಡಿಬರುತ್ತದೆ. ಮದುವೆಯ ದಿನ ಬ್ಯಾಂಡಿನ ಜೊತೆಗಾರರು ಬರಬೇಕಾದ ಬಸ್ಸು ಕೆಟ್ಟು ನಿಲ್ಲುತ್ತದೆ. ವಾಲಗವಿಲ್ಲದೆ ಮೆರವಣಿಗೆ ಹೊರಡುವಂತಿಲ್ಲ. ಆಗ ಮದುಮಗನೇ ಕ್ಲಾರಿನೆಟ್ ಎತ್ತಿ, ತನ್ನ ಮೆರವಣಿಗೆಯ ಮುಂದೆ ತಾನೇ ಊದುತ್ತ ನಡೆಯುತ್ತಾನೆ. ಈ ಪಾತ್ರವನ್ನು ವಯಸ್ಸಾದ ಮೇಲೆ ತಾನೇ ಮಾಡಬೇಕೆಂದು ಅಡಿವೆಪ್ಪ ಕಾದಿದ್ದ. ವಯಸ್ಸಾಯಿತು. ಚಿತ್ರ ಶುರುವಾಯಿತು.

ಮೆರವಣಿಗೆಯ ದೃಶ್ಯದ ದಿನ ಬಂತು. ಕ್ಯಾಮೆರಾದ ಮೂಲಕ ನೋಡಿ ಜಾಗ ಗೊತ್ತುಮಾಡಬೇಕಿತ್ತು. ಅಡಿವೆಪ್ಪ ತನ್ನ ಬದಲು ಕೊಟ್ರಪ್ಪನನ್ನು ನಿಲ್ಲಿಸಿ, “ಸುಮ್ನ ಒಂದ್ಸಲ ನಡದು ಬಾ,” ಎಂದ. ಆ ಚಿತ್ರದಲ್ಲಿ ಕೊಟ್ರಪ್ಪನದು ಮದುವೆಮನೆಯ ಅಡಿಗೆಯವನ ಪಾತ್ರ, ಮಾತು ಒಂದೇ.

ಕೊಟ್ರಪ್ಪ ಬಾಸಿಂಗ ಕಟ್ಟಿಕೊಂಡ, ಕ್ಲಾರಿನೆಟ್ ತೆಗೆದುಕೊಂಡ. ಊದುವ ಮುಂಚೆ ಮದುಮಗಳ ಕಡೆ ನೋಡಿದ, ಅಪ್ಪಣೆ ಕೇಳುವವನ ಹಾಗೆ. ಅವಳು ನಕ್ಕದ್ದೇ ತಡ, ನಾಚಿ ತಲೆ ತಗ್ಗಿಸಿದ. ಬಾಸಿಂಗ ಜಾರಿ ಬಾಯಿಗೆ ಅಡ್ಡ ಬಂತು. ಅದನ್ನು ಮೇಲೆ ತಳ್ಳಿದ, ಊದಿದ. ಮತ್ತೆ ಜಾರಿತು, ಮತ್ತೆ ತಳ್ಳಿದ. ಉಸಿರು ಸಾಲದಿದ್ದರೂ ಹೆಜ್ಜೆ ಕುಣಿಯತೊಡಗಿತು. ದೀಪ ಹಿಡಿದವರು ನಕ್ಕರು. ನಗುತ್ತಿದ್ದವರ ಕಣ್ಣಲ್ಲಿ ನೀರು ಬಂತು. ಕ್ಯಾಮೆರಾದ ಹಿಂದಿದ್ದ ಅಡಿವೆಪ್ಪ ‘ಸಾಕು’ ಎನ್ನುವುದನ್ನೇ ಮರೆತ. ಮರೆತದ್ದು ನೆನಪಾದಾಗ ಅವನ ಎದೆಯಲ್ಲಿ ಬೆಂಕಿಯೊಂದು ಹೊತ್ತಿಕೊಂಡಿತು.

ಅವನು ಬಾಸಿಂಗ ಇಸಿದುಕೊಂಡು ತಾನು ನಿಂತ. ಕೊಟ್ರಪ್ಪ ಮಾಡಿದ್ದನ್ನೇ ಮಾಡಿದ. ಮದುಮಗಳ ಕಡೆ ನೋಡಿದ, ನಾಚಿದ, ಊದಿದ. ಎಲ್ಲರೂ ಬಹಳ ಚೆನ್ನಾಗಿದೆ ಎಂದರು. ಯಾರೂ ನಗಲಿಲ್ಲ. ಇನ್ನೊಮ್ಮೆ ಮಾಡಿದ. ಮತ್ತೆ ಬಹಳ ಚೆನ್ನಾಗಿದೆ ಎಂದರು. ಚಿಕ್ಕಂದಿನಿಂದ ಜನರ ನಗು ಕೇಳಿ ಬೆಳೆದವನಿಗೆ ಆ ಹೊಗಳಿಕೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಊಟದ ಹೊತ್ತಿಗೆ ಅವನು ಎಲೆ ಮುಂದೆ ಕೂತ, ಅನ್ನ ಮುಟ್ಟಲಿಲ್ಲ. ತನ್ನ ಪಾತ್ರ, ತನ್ನ ಕತೆ, ಇಷ್ಟು ವರ್ಷದ ಆಸೆ. ಬಿಡಲು ಮನಸ್ಸು ಒಪ್ಪಲಿಲ್ಲ. ಆದರೆ ಜಾರುವ ಬಾಸಿಂಗವನ್ನು ತಳ್ಳುತ್ತ ನಡೆದ ಆ ಮುದುಕ ಕಣ್ಣ ಮುಂದಿನಿಂದ ಹೋಗಲೊಲ್ಲ. ನೆನೆದರೆ ನಗು ಬರುತ್ತಿತ್ತು. ಅನ್ನದ ಮುಂದೆ ಕೂತು ಒಬ್ಬನೇ ನಗತೊಡಗಿದ. ನಗುತ್ತಲೇ ಎದ್ದು ಹೋಗಿ ಬಾಸಿಂಗವನ್ನು ಕೊಟ್ರಪ್ಪನ ಕೈಗಿಟ್ಟ.

ಕೊಟ್ರಪ್ಪ ಹೌಹಾರಿದ. “ನಿನಗ ಹುಚ್ಚ ಹಿಡದೈತೇನು? ಹುಡುಗ ಇದ್ದಾಗಿಂದ ಕಾದಿಟ್ಟ ಪಾತ್ರ ಇದು. ನಾ ಒಲ್ಲೆಪ್ಪ.”

“ನಾ ಮಾಡಿದ್ರ ಜನ ನನ್ನ ನೋಡ್ತಾರ. ನೀ ಮಾಡಿದ್ರ ಆ ಮುದುಕನ್ನ ನೋಡ್ತಾರ. ಕಟಗೋ ಬಾಸಿಂಗ.”

ನಿರ್ಮಾಪಕ ಓಡಿ ಬಂದ. ಜನ ಬರುವುದು ಅಡಿವೆಪ್ಪನ ಮುಖ ನೋಡಲು, ಈ ಕೊಟ್ರಪ್ಪ ಯಾರಿಗೆ ಗೊತ್ತು ಎಂದು ಕೂಗಾಡಿದ. ಹೀಗಾದರೆ ಚಿತ್ರವನ್ನೇ ನಿಲ್ಲಿಸುತ್ತೇನೆ ಎಂದ. ಅಡಿವೆಪ್ಪ ಅವನೊಂದಿಗೆ ವಾದಕ್ಕೆ ಇಳಿಯಲಿಲ್ಲ. ಕುರ್ಚಿ ಹಾಕಿ ಕೂರಿಸಿ, ಕೊಟ್ರಪ್ಪನನ್ನು ಇನ್ನೊಮ್ಮೆ ನಡೆಸಿದ. ನಿರ್ಮಾಪಕ ನೋಡಿದ. ಬಾಸಿಂಗ ಎರಡನೆಯ ಸಲ ಜಾರುವಷ್ಟರಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದ.

ಇನ್ನು ಅಡಿಗೆಯವನ ಪಾತ್ರ ಉಳಿಯಿತು. ಅಡಿವೆಪ್ಪ ಗುಂಗುರು ಕೂದಲು ತೆಗೆದಿಟ್ಟು, ಮೀಸೆ ಕಿತ್ತಿಟ್ಟು, ತನ್ನ ಬೋಳು ತಲೆಗೆ ಒಂದು ವಸ್ತ್ರ ಸುತ್ತಿದ. ಸೌಟು ಹಿಡಿದು ಬಾಗಿಲಿಗೆ ಬಂದು, “ಅನ್ನ ಆರತೈತಿ, ಲಗೂನ ಊದಿ ಮುಗಸ್ರಿ,” ಎಂದ. ಅವನ ಪಾಲಿನ ಮಾತು ಅಷ್ಟೇ.

ಚಿತ್ರ ಬಂತು. ಕೊಟ್ರಪ್ಪ ನೋಡಲು ಹೆದರಿದ. ಅಡಿವೆಪ್ಪ ಅವನನ್ನು ಎಳೆದುಕೊಂಡು ರಾಣೆಬೆನ್ನೂರಿನ ಟಾಕೀಸಿಗೆ ಹೋಗಿ, ಜನರ ನಡುವೆ ಕೂರಿಸಿ ತಾನು ಪಕ್ಕದಲ್ಲಿ ಕೂತ. ಮೆರವಣಿಗೆ ಬಂದಾಗ ಇಡೀ ಟಾಕೀಸು ನಗುವಿನಿಂದ ತುಂಬಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಎಲ್ಲರಿಗಿಂತ ಮೊದಲು ಬೆಂಚಿನ ಮೇಲೆ ಹತ್ತಿದವನು ಅಡಿವೆಪ್ಪ. ಎರಡು ಬೆರಳು ಬಾಯಲ್ಲಿಟ್ಟು ಶಿಳ್ಳೆ ಹಾಕಿದ. ಉಸಿರು ಮುಗಿದರೆ ಮತ್ತೆ ಉಸಿರು ಎಳೆದು ಹಾಕಿದ. ಹಿಂದೆ ಕೂತವನೊಬ್ಬ, “ಏ ಯಜಮಾನ, ಕುಂದರ್ರಿ, ಪರದೆ ಕಾಣವಲ್ದು,” ಎಂದು ಅಂಗಿ ಹಿಡಿದು ಎಳೆದ. ಕೂತ. ಮರುಗಳಿಗೆ ಮತ್ತೆ ಎದ್ದ.

ಆಟ ಮುಗಿದು ದೀಪ ಹತ್ತಿದಾಗ ಯಾರೋ ಕೊಟ್ರಪ್ಪನ ಗುರುತು ಹಿಡಿದರು. ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಹೊರಟೇಬಿಟ್ಟರು. ಅವನ ಒಂದು ಚಪ್ಪಲಿ ನೂಕುನುಗ್ಗಲಲ್ಲಿ ಕೆಳಗೆ ಬಿತ್ತು. ಅಡಿವೆಪ್ಪ ಬಗ್ಗಿ ಅದನ್ನು ಎತ್ತಿಕೊಂಡು ಗುಂಪಿನ ಹಿಂದೆ ಓಡಿದ. ಓಡುತ್ತಿದ್ದವನನ್ನು ಒಬ್ಬಾತ ತಡೆದು ಮುಖ ದಿಟ್ಟಿಸಿದ.

“ಆ ಅಡಿಗಿಯವ ನೀವ ಅಲ್ಲೇನ್ರಿ?”

“ಹೌದ್ರಿ, ನಾನ,” ಎಂದ ಅಡಿವೆಪ್ಪ.

“ಛಲೋ ಮಾಡೀರಿ. ಬಿಡಬ್ಯಾಡ್ರಿ, ಮುಂದ ಬರ್ತೀರಿ,” ಎಂದು ಆತ ಬೆನ್ನು ತಟ್ಟಿ ಹೋದ.

ಆ ಮಾತನ್ನು ಅಡಿವೆಪ್ಪ ಬದುಕಿರುವ ತನಕ ಹೇಳಿಕೊಂಡು ನಕ್ಕ. ಅಲ್ಲಿಂದ ಮುಂದೆ ಅವನು ಎಷ್ಟೋ ಹೊಸಬರಿಗೆ ದೊಡ್ಡ ಪಾತ್ರ ಕೊಟ್ಟ. ತನಗೆ ಒಪ್ಪುವುದು ಸಿಕ್ಕಾಗ ತಾನೂ ಮಾಡಿದ, ಕೆಲವೊಮ್ಮೆ ನಾಯಕನಾಗಿ, ಕೆಲವೊಮ್ಮೆ ಬಾಗಿಲು ತೆರೆಯುವ ಆಳಾಗಿ. ಅವನ ಕೈಯಲ್ಲಿ ಪಳಗಿದವರು ನಾಡಿನ ತುಂಬ ಹೆಸರು ಮಾಡಿದರು. ಅವರ ಚಿತ್ರ ಬಂದ ದಿನ ಟಾಕೀಸಿನಲ್ಲಿ ಮುದುಕನೊಬ್ಬ ಬೆಂಚು ಹತ್ತಿ ನಿಲ್ಲುತ್ತಿದ್ದ. ಅಂಗಿ ಹಿಡಿದು ಎಳೆಯುವವರು ಎಲ್ಲ ಊರಲ್ಲೂ ಸಿಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನ ಮುಖದಲ್ಲಿ ನಗುವಿತ್ತು. ಆದರೂ ಸಂಶಯ ಬಿಡಲಿಲ್ಲ.

“ಗುರುಗಳೇ, ಕ್ಯಾಮೆರಾದ ಹಿಂದೆ ನಿಂತಾಗ ಅವನ ಎದೆಯಲ್ಲಿ ಹೊತ್ತಿದ ಆ ಬೆಂಕಿ ಟಾಕೀಸಿನಲ್ಲಿ ಆರಿಹೋಯಿತೇ?”

“ಆರಲಿಲ್ಲ. ಶಿಳ್ಳೆ ಹಾಕುತ್ತಿದ್ದವನಿಗೆ ಅದರ ಕಡೆ ನೋಡಲು ಪುರುಸೊತ್ತು ಸಿಗಲಿಲ್ಲ.”