ಬೆರಳಿಗೆ ತೆರೆಯುತ್ತಿದ್ದ ಪದ

ಹೊಳೆ ದಂಡೆಯ ಆ ಸಣ್ಣ ಮಠದಲ್ಲಿ ತತ್ವಪದಗಳನ್ನು ಬರೆದಿಡುವ ಪದ್ಧತಿ ಇರಲಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ, ಅಷ್ಟೇ.

ಅವುಗಳಲ್ಲಿ ಒಂದು ಕಡೇ ಪದ. ಗುರು ಅದನ್ನು ಒಬ್ಬನೇ ಶಿಷ್ಯನಿಗೆ ಹೇಳಿಕೊಡಬೇಕು. ಗುರುವಿನ ಪ್ರಾಣ ಹೋಗುವ ಹೊತ್ತಿಗೆ ಶಿಷ್ಯ ಅದನ್ನು ಅವನ ಕಿವಿಯಲ್ಲಿ ಹಾಡಬೇಕು. ನಡುವೆ ಸುಮ್ಮಸುಮ್ಮನೆ ಹಾಡುವಂತಿಲ್ಲ, ಕೇಳುವಂತಿಲ್ಲ. ಮಠದ ಈಗಿನ ಗುರು ಅಡಿವೆಪ್ಪಜ್ಜ ತನ್ನ ಗುರುವನ್ನು ಹಾಗೇ ಹಾಡಿ ಕಳಿಸಿಕೊಟ್ಟಿದ್ದ.

ಅಜ್ಜ ತನ್ನ ಸರದಿ ಬಂದಾಗ ಶಿಷ್ಯ ಚಂದ್ರಾಮನನ್ನು ಕೂರಿಸಿಕೊಂಡು ಹೇಳಿಕೊಟ್ಟ. ಚಂದ್ರಾಮ ಏನು ಮಾಡಿದ? ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಬರೆಯಬಾರದು ಅಂದಿದ್ದಾರೆ, ಇದೇನು ಬರೆದದ್ದಲ್ಲವಲ್ಲ, ಅಂದುಕೊಂಡ ಪುಣ್ಯಾತ್ಮ. ಬಾಯಿಪಾಠ ಮಾಡುವ ಗೋಜಿಗೇ ಹೋಗಲಿಲ್ಲ.

ರೆಕಾರ್ಡಿಂಗು ಫೋನ್ ಕಂಪನಿಯ ಖಾತೆಯಲ್ಲಿ ಹೋಗಿ ಕೂತಿತು. ಅದಕ್ಕೆ ಮೊದಲು ಒಂದು ಪಾಸ್‌ವರ್ಡ್ ಇತ್ತು, ಅಜ್ಜನಿಗೂ ಗೊತ್ತಿತ್ತು. ಒಂದು ದಿನ ಕಂಪನಿಯೇ ಹೇಳಿತು: ಪಾಸ್‌ವರ್ಡ್ ಬಿಡಿ, ಬೆರಳಿಟ್ಟರೆ ಸಾಕು.

"ಇನ್ನ ಏನೂ ನೆನಪಿಡೂದು ಬ್ಯಾಡ್ರಿ ಅಜ್ಜಾರ," ಚಂದ್ರಾಮ ಹಿಗ್ಗಿದ. "ನನ್ನ ಬೆರಳೇ ಕೀಲಿಕೈ."

"ಬಾಗಲಾ ಯಾರದು?" ಅಜ್ಜ ಕೇಳಿದ.

ಚಂದ್ರಾಮ ನಕ್ಕು ಬಲಗೈ ಹೆಬ್ಬೆರಳು ಒತ್ತಿದ.

ಅಜ್ಜನಿಗೆ ಮರೆವು ಹತ್ತಿದ್ದು ಆಮೇಲೆ. ಒಂದೊಂದೇ ಪದ ಉದುರಿಹೋಯಿತು. ಕಡೇ ಪದದಲ್ಲಿ ಉಳಿದದ್ದು ಮೊದಲ ಸಾಲು ಮಾತ್ರ. ಚಂದ್ರಾಮ ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ, ಪದ ಫೋನಿನಲ್ಲಿತ್ತಲ್ಲ.

ಒಂದು ಮಧ್ಯಾಹ್ನ ಹರಗೋಲಿನಲ್ಲಿ ದಾಟುವಾಗ ಆ ಫೋನು ಜೇಬಿನಿಂದ ಜಾರಿ ಹೊಳೆ ಸೇರಿತು.

ಭಕ್ತರೊಬ್ಬರು ಬೇರೆ ಫೋನು ಕೊಟ್ಟರು, ಬೇರೆ ಕಂಪನಿಯದು. ಬೆರಳು ತನ್ನ ಕೈಯಲ್ಲೇ ಇದೆಯಲ್ಲ ಎಂದು ಚಂದ್ರಾಮ ಧೈರ್ಯವಾಗಿ ಒತ್ತಿದ. ಖಾತೆ ತೆರೆಯಲಿಲ್ಲ. ಅಷ್ಟರಲ್ಲಿ ಅಜ್ಜ ಹಾಸಿಗೆ ಹಿಡಿದ, ಅನ್ನ ಬಿಟ್ಟ, ನೀರೂ ಬೇಡವೆಂದ. ಚಂದ್ರಾಮ ಪೇಟೆಯ ಮೊಬೈಲ್ ಅಂಗಡಿಗೆ ಓಡಿ, ಸಂಜೆ ಬರಿಗೈಯಲ್ಲಿ ಬಂದ.

"ತಂದ್ಯಾ ತಮ್ಮಾ?"

ಚಂದ್ರಾಮನಿಗೆ ಅಳು ತಡೆಯಲಾಗಲಿಲ್ಲ. "ಇಲ್ರಿ ಅಜ್ಜಾರ. ಹಳೇ ಫೋನಿನ್ಯಾಗ ಒಪ್ಪಿಗಿ ಕೊಡು ಅಂತೈತಿ. ಹಳೇದು ಹೊಳ್ಯಾಗೈತಿ."

"ಅಂಗಡಿಯಂವ ಏನಂದ?"

"ಕೀಲಿಕೈ ಆ ಫೋನಿನ ಹೊಟ್ಟ್ಯಾಗ ಇತ್ತಂತ್ರಿ. ಬೆರಳು ಬರೇ ಅದನ್ನ ಎಬ್ಬಸ್ತಿತ್ತಂತ. ಅದೇ ಕಂಪನೀದು ಇನ್ನೊಂದು ಫೋನು ಮೊದಲ ಇಟ್ಟಿದ್ರ ಅದಕ್ಕೂ ಒಂದು ಕೀಲಿಕೈ ಹೋಗಿರ್ತಿತ್ತಂತ. ಬ್ಯಾರೆ ಕಂಪನೀದಕ್ಕ ದಾಟಂಗಿಲ್ಲಂತ."

"ಹಳೇ ಪಾಸ್‌ವರ್ಡ್ ಐತೆಲ್ಲೋ?"

"ಅದನ್ನ ನಾನೇ ತಗಿಸಿಬಿಟ್ಟೀನ್ರಿ."

"ಹಾಡಿದ ಮುದುಕ ಇನ್ನೂ ಬದುಕ್ಯಾನ, ಅವನ ದನಿ ಅವಗ ಕೊಡ್ರಿ ಅಂತ ಕೇಳಬೇಕಿಲ್ಲೋ?"

"ಕೇಳಾಕ ಅಲ್ಲಿ ಮನಷ್ಯಾರ ಇಲ್ರಿ. ನೀ ಯಾರು, ತೋರ್ಸು ಅಂತೈತಿ. ತೋರ್ಸಾಕ ಹೋದ್ರ ಮತ್ತ ಹಳೇ ಫೋನು ಕೇಳತೈತಿ."

ಅಜ್ಜ ಕಣ್ಣು ಮುಚ್ಚಿದ. ಒಣಗಿದ ತುಟಿ ಅಲುಗಿತು.

"ಆಚೀ ದಂಡ್ಯಾಗ ದೀಪ ಹಚ್ಯಾರ..."

ಅಲ್ಲಿಗೇ ನಿಂತಿತು.

"ಮುಂದ?" ಅಂದ ಅಜ್ಜ.

ಚಂದ್ರಾಮ ತಲೆ ಜಾಲಾಡಿದ. ಅಜ್ಜ ಹೇಳಿಕೊಟ್ಟ ದಿನದ ಬಿಸಿಲು ನೆನಪಾಯಿತು, ಫೋನಿನ ಕೆಂಪು ಚುಕ್ಕೆ ನೆನಪಾಯಿತು. ಪದ ಮಾತ್ರ ಒಂದಕ್ಷರವೂ ಬರಲಿಲ್ಲ. ಅಯ್ಯೋ, ಅವತ್ತು ಅವನು ಕೇಳಿಸಿಕೊಂಡಿದ್ದರಲ್ಲವೇ!

"ಮುಂದ ಏನೋ, ಚಂದ್ರಾಮ?"

"ಗೊತ್ತಿಲ್ರಿ."

ಅಜ್ಜನ ಉಸಿರು ಮೇಲಕ್ಕೆ ಎಳೆಯತೊಡಗಿತ್ತು. ಚಂದ್ರಾಮ ಅವನ ಕಾಲು ಹಿಡಿದುಕೊಂಡು ಗೋಳೋ ಎಂದು ಅತ್ತ.

"ಪಾಪಿ ನಾನು. ಎದರ ಮ್ಯಾಲೆ ನಿಮ್ಮನ್ನ ಕಳಸ್ಲಿ ಅಜ್ಜಾರ? ಕಿವ್ಯಾಗ ಏನಂತ ಹಾಡ್ಲಿ?"

ಅಜ್ಜ ಬೈಯಲಿಲ್ಲ. ತಡವರಿಸಿ ಅವನ ಬಲಗೈ ಹುಡುಕಿದ. ಅದೇ ಹೆಬ್ಬೆರಳನ್ನು ಬಿಡಿಸಿ, ಎಳೆದು ತನ್ನ ಹಣೆಯ ಮೇಲೆ ಇಟ್ಟುಕೊಂಡ.

"ಒತ್ತು ತಮ್ಮಾ. ಇದಾದ್ರೂ ತೆರೀತೈತೇನ ನೋಡು."