ದುಂಡಪ್ಪ ಶಿರಾ ಹೊಗಳಿದ್ದು

ಊಟ ಆದವರು ಗೋಡೆಗೆ ಒರಗಿಕೊಳ್ಳಿ, ಆಗದವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿ. ಇದು ಬಾಯಿಗೆ ರುಚಿ ಹತ್ತಿದವರ ಕತೆ. ನಡುನಡುವೆ ಹಸಿವಾದರೆ ನನ್ನನ್ನು ಬೈಯಬೇಡಿ.

ಒಂದೂರಲ್ಲಿ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಖಾನಾವಳಿ. ಖಾನಾವಳಿಗೆ ಒಬ್ಬಳೇ ಒಡತಿ, ಅಡಿವೆವ್ವ. ಅಡಿವೆವ್ವನಿಗೆ ಒಬ್ಬನೇ ಮಗ, ದುಂಡಪ್ಪ. ಮೈ ಬಂದಿತ್ತು, ಮೀಸೆ ಬಂದಿತ್ತು, ಬುದ್ಧಿಯೊಂದು ಇನ್ನೂ ದಾರಿಯಲ್ಲಿತ್ತು. ಕೆಟ್ಟವನಂತೂ ಅಲ್ಲ. ಅವ್ವ ಹಾಕಿದ ಗೆರೆ ದಾಟುವವನಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ನೋಡಿ ದೊಡ್ಡ ಕಷ್ಟ.

ಅಡಿವೆವ್ವ ದಣಿದಿದ್ದಳು. ರೊಟ್ಟಿ ಬಡಿದು ಬಡಿದು ಬಲಭುಜ ಹಿಡಿದುಬಿಟ್ಟಿತ್ತು. ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ, ಆದರೆ ರೊಟ್ಟಿ ಬಡಿಯಲು ಏಳಲೇಬೇಕಿತ್ತು. ಆಕೆಗೆ ಬೇಕಾದದ್ದು ಒಂದೇ. ದುಂಡಪ್ಪನಿಗೆ ಒಬ್ಬಳು ಹೆಂಡತಿ, ಒಲೆಯ ಮುಂದೆ ಇನ್ನೆರಡು ಕೈ. ಬಂದವಳ ಭುಜವೂ ಮುಂದೊಂದು ದಿನ ಹಿಡಿಯುತ್ತದೆಂದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಇಬ್ಬರಾದರೆ ನೋವು ಅರ್ಧರ್ಧ ಅಂದುಕೊಂಡಿದ್ದಳು. ಆದರೆ ಹೆಣ್ಣು ಕೊಡುವವರು ಹುಡುಗ ಹೇಗಿದ್ದಾನೆಂದು ಅಲ್ಲಿ ಇಲ್ಲಿ ಕೇಳುತ್ತಾರಲ್ಲ! ಕೇಳಿ ಹೋದವರು ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ.

ಒಂದು ದಿನ ಏನಾಯಿತು, ಬಸ್ಸಿಳಿದ ಒಂದು ಗುಂಪು ಹಸಿದುಕೊಂಡು ಖಾನಾವಳಿಗೆ ಬಂತು. ಬಾಗಿಲಲ್ಲಿ ದುಂಡಪ್ಪ ನಿಂತಿದ್ದ.

"ತಮ್ಮಾ, ಇವತ್ತ ಏನ್ ಚಲೋ ಐತಿ?"

"ನಮ್ಮಲ್ಲೇನ್ರಿ? ನಮ್ಮಲ್ಲಿ ಬ್ಯಾಳಿ ತಳ ಹತ್ತೇತ್ರಿ."

"ಮತ್ತ ಚಲೋ ಊಟ ಎಲ್ಲಿ ಸಿಗತೈತಿ?"

"ರೈಲ್ವೆ ಗೇಟಿನ ಹತ್ರ ಇನ್ನೊಂದು ಖಾನಾವಳಿ ಐತ್ರಿ. ಅವರ ಎಣ್ಣೆಗಾಯಿ ಅಂದ್ರ ಎಣ್ಣೆಗಾಯಿ! ನಾ ದಿನಾ ಅಲ್ಲೇ ಉಣತೀನ್ರಿ."

ಹೇಳಿ ಸುಮ್ಮನಾದನೇ? ದಾರಿ ತಪ್ಪಬಾರದೆಂದು ತಾನೇ ಮುಂದೆ ನಡೆದು ಅಲ್ಲಿ ಕೂರಿಸಿ ಬಂದ. ಅಡಿವೆವ್ವ ಬಿಸಿ ರೊಟ್ಟಿಯ ಬುಟ್ಟಿ ಹೊತ್ತು ಹೊರಗೆ ಬಂದರೆ ಬೆಂಚುಗಳೆಲ್ಲ ಖಾಲಿ.

"ಅಯ್ಯ ನನ್ನ ಹಣೇಬಾರವ! ಬಂದ ಗಿರಾಕಿನ ಯಾರರೆ ಮಂದಿ ಮನಿಗೆ ಮುಟ್ಟಿಸಿ ಬರತಾರೇನೋ? ಬಾಗಲಿಗೆ ಬಂದವರನ್ನ ಕೈ ಹಿಡಿದು ಒಳಗ ಎಳಕೊಂಡು ಬಾ. 'ಎಲ್ಲಿಗೂ ಹೋಗಬ್ಯಾಡ್ರಿ, ಇಂಥಾದ್ದು ಊರಾಗ ಎಲ್ಲೂ ಸಿಗೂದಿಲ್ಲ' ಅನ್ನು. ರೊಟ್ಟಿ ಮುಂದ ಕುಂದರಿಸು!"

"ಹೂಂ ಯವ್ವಾ. ಹಂಗ ಮಾಡತೀನಿ."

ಮರುದಿನ ಒಬ್ಬ ಬಂದ. ಒಂದು ಗಲ್ಲ ಬಾತು ಸೇಬಿನಷ್ಟಾಗಿತ್ತು. ಅಂಗೈಯಲ್ಲಿ ಗಲ್ಲ ಹಿಡಿದುಕೊಂಡು, ಬಾಯಿ ತೆರೆಯಲಾರದೆ ಕೇಳಿದ.

"ಹಲ್ಲಿನ ಡಾಕ್ಟರು... ಎಲ್ಲದಾರ?"

"ಎಲ್ಲಿಗೂ ಹೋಗಬ್ಯಾಡ್ರಿ!" ದುಂಡಪ್ಪ ಕೈ ಹಿಡಿದು ಎಳೆದ. "ಇಂಥಾದ್ದು ಊರಾಗ ಎಲ್ಲೂ ಸಿಗೂದಿಲ್ಲ!"

"ಬ್ಯಾಡೋ, ಬ್ಯಾಡ!"

ಯಾರು ಕೇಳುತ್ತಾರೆ? ಕೂರಿಸಿದ. ಕೂರಿಸಿ ಖಡಕ್ ರೊಟ್ಟಿ ಮುರಿದು, ನೋಯುವ ಕಡೆಗೇ ಸರಿಯಾಗಿ ತುರುಕಿದ. ಆ ಮನುಷ್ಯ ಕೂಗಿದ ಕೂಗಿಗೆ ಬಸ್ ಸ್ಟ್ಯಾಂಡಿನ ಜನ ಎದ್ದು ನಿಂತರು.

ಅಡಿವೆವ್ವ ಅವನಿಗೆ ನೀರು ಕೊಟ್ಟು, ಕೈ ಮುಗಿದು, ಡಾಕ್ಟರ ದಾರಿ ತೋರಿಸಿ ಬಂದಳು. ಬಂದು ಹೊಸ್ತಿಲ ಮೇಲೆ ಕುಸಿದಳು.

"ಅಯ್ಯ ನನ್ನ ಹಣೇಬಾರವ! ಬ್ಯಾಡ ಅಂದವರಿಗೆ ಯಾರರೆ ತುರುಕತಾರೇನೋ? ಬ್ಯಾಡ ಅಂದ ಕೂಡ್ಲೆ ಕೈ ತಗೀಬೇಕು. ತಾಟು ಎತ್ತಿ ಒಳಗ ಇಡಬೇಕು!"

"ಹೂಂ ಯವ್ವಾ. ಹಂಗ ಮಾಡತೀನಿ."

ಮೂರನೆಯ ದಿನ ಹತ್ತಿ ವ್ಯಾಪಾರದ ಅಡತಿ ಅಂಗಡಿಯ ಸಾಹುಕಾರ ಬಂದ. ಸಾಹುಕಾರನೆಂದರೆ ಬರೀ ಹತ್ತಿಯ ಸಾಹುಕಾರನಲ್ಲ, ತಿನ್ನುವುದರಲ್ಲೂ ಸಾಹುಕಾರ. ಅವನಿಗೆ ಒಂದಷ್ಟು ಗೆಳೆಯರು. ಯಾವ ಊರಲ್ಲಿ ಯಾವ ಗಾಡಿಯ ಮಿರ್ಚಿ ತಿನ್ನಬೇಕು, ಯಾರ ಮನೆಯ ಚಟ್ನಿ ಹಿಂಡಿಗೆ ಕೈ ನೆಕ್ಕಬೇಕು, ಅದೇ ಅವರ ಮಾತು, ಅದೇ ಅವರ ದಂಧೆ. ಅವನ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದರೆ ಸುತ್ತಲಿನ ಊರುಗಳಿಗೆಲ್ಲ ಮುಟ್ಟಿದಂತೆ. ಅಡಿವೆವ್ವನಿಗೆ ಇದು ಗೊತ್ತಿತ್ತು. ನೋಯುವ ಭುಜವನ್ನೂ ಮರೆತು ರೊಟ್ಟಿ ಬಡಿದಳು.

ಸಾಹುಕಾರ ಕಣ್ಣು ಮುಚ್ಚಿಕೊಂಡು ಉಂಡ. ದುಂಡಪ್ಪ ಇನ್ನೊಂದು ರೊಟ್ಟಿ ತಂದ. ಮರ್ಯಾದಸ್ಥರು ಹೇಳುವಂತೆ ಸಾಹುಕಾರ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಬ್ಯಾಡ, ಬ್ಯಾಡ" ಅಂದ.

ಅಂದದ್ದೇ ತಡ! ದುಂಡಪ್ಪ ತಾಟು ಎತ್ತಿದ, ಒಳಗೆ ನಡೆದ. ಸಾಹುಕಾರನ ತುತ್ತು ಕೈಯಲ್ಲೇ, ಬಾಯಿ ತೆರೆದಂತೆಯೇ.

"ಅಯ್ಯ ನನ್ನ ಹಣೇಬಾರವ! ದೊಡ್ಡವರು ಬ್ಯಾಡ ಅನ್ನೂದು ಮರ್ಯಾದಿಗೋ! ಬ್ಯಾಡ ಅಂದ್ರ ಬೇಕು ಅಂತ ತಿಳಕೋಬೇಕು. 'ಹಂಗನಬ್ಯಾಡ್ರಿ, ನನ್ನ ಸಲುವಾಗಿ ಇನ್ನೊಂದು' ಅಂತ ಹೇಳಿ ಹಾಕಬೇಕು. ಎಷ್ಟ ಬ್ಯಾಡ ಅಂದ್ರೂ ಬಿಡಬಾರದು!"

"ಹೂಂ ಯವ್ವಾ. ಹಂಗ ಮಾಡತೀನಿ."

ಆ ಮಾತು ಹೇಳಬಾರದಿತ್ತು. ಸಂಜೆಗೆ ತಾಯಿ ಮಗ ಹಿಟ್ಟಿನ ಗಿರಣಿಗೆ ಹೋದರು. ದುಂಡಪ್ಪ ಒಂದು ಚೀಲ ಎತ್ತಿ ಅವ್ವನ ತಲೆಯ ಮೇಲಿಟ್ಟ. ಎರಡನೆಯದಕ್ಕೂ ಕೈ ಹಾಕಿದ.

"ಬ್ಯಾಡೋ, ಒಂದ ಸಾಕು. ಅದನ್ನ ನೀ ಹೊರು."

"ಹಂಗನಬ್ಯಾಡ ಯವ್ವಾ, ನನ್ನ ಸಲುವಾಗಿ ಇನ್ನೊಂದು!"

"ಬ್ಯಾಡೋ ದುಂಡ್ಯಾ! ಬ್ಯಾಡಂದ್ರ ಬ್ಯಾಡ!"

"ಎಷ್ಟ ಬ್ಯಾಡ ಅಂದ್ರೂ ಬಿಡೂದಿಲ್ಲ ನೋಡು!"

ಎರಡನೆಯ ಚೀಲವೂ ಬಿತ್ತು. ಅಡಿವೆವ್ವನೂ ಬಿದ್ದಳು. ನಡುರಸ್ತೆಯಲ್ಲಿ, ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು ಕೂತಳು. ಬೈಯಲು ಬಾಯಿ ತೆರೆದಳು, ಬಾಯಿಯಲ್ಲೂ ಹಿಟ್ಟು. ಅಳು ಬಂತು. ಅತ್ತರೆ ಹಿಟ್ಟೆಲ್ಲ ಕಲಸಿಹೋಗುತ್ತದೆ ಅಂತ ಅದನ್ನೂ ತಡೆದುಕೊಂಡಳು.

"ನೀ ಏನೂ ಮಾಡಬ್ಯಾಡಪ್ಪಾ," ಅಂದಳು. "ಸುಮ್ಮನ ನಿಂದರು."

"ಹೂಂ ಯವ್ವಾ."

ನಿಂತ. ಅಡಿವೆವ್ವ ಒಂದು ಚೀಲ ಮನೆಗೆ ಹೊತ್ತಳು. ತಿರುಗಿ ಬಂದು ಇನ್ನೊಂದು ಚೀಲ ಹೊತ್ತಳು. ಆಮೇಲೆ ಮತ್ತೆ ತಿರುಗಿ ಬಂದು ಮಗನನ್ನು ಕರೆದುಕೊಂಡು ಹೋದಳು.

ಆದರೆ ತಿನ್ನುವ ಜನದ ಮನಸ್ಸೇ ಬೇರೆ. ಹತ್ತಿ ಸಾಹುಕಾರ ಗೆಳೆಯರ ಮುಂದೆ ಕೂತು ಹೇಳಿದನಂತೆ: "ತಾಟು ಕಸಗೊಂಡ್ರು ಖರೆ. ಆದ್ರ ಕಸಗೊಳ್ಳೂಕಿಂತ ಮೊದಲ ತಿಂದ ರೊಟ್ಟಿ ಇನ್ನೂ ನಾಲಿಗಿ ಮ್ಯಾಲೆ ಐತಿ!" ಆ ಗೆಳೆಯರಲ್ಲಿ ಒಬ್ಬ ಪಕ್ಕದೂರಿನ ಚನವೀರಪ್ಪ. ಅವನಿಗೆ ಮದುವೆಗೆ ಬಂದ ಮಗಳು ನಿಂಬೆವ್ವ. ಚನವೀರಪ್ಪನಿಗೆ ಆಸ್ತಿ ಬೇಡ, ನೌಕರಿ ಬೇಡ, ಬೀಗರ ಮನೆಯ ಅಡುಗೆ ಚೆನ್ನಾಗಿದ್ದರೆ ಆಯಿತು. ಕನ್ಯಾ ನೋಡಲು ಬನ್ನಿ ಎಂದು ಹೇಳಿ ಕಳಿಸಿದ.

ಅಡಿವೆವ್ವನಿಗೆ ನಂಬಿಕೆಯೇ ಬರಲಿಲ್ಲ. ಇದೊಂದು ಕೈ ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂಬುದಂತೂ ಗೊತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗನಿಗೆ ಹೇಳಿದಳು.

"ಅವರು ತಿನ್ನೂದು ಬಲ್ಲ ಮಂದಿ. ಚಲೋದು ತಿಂದ್ರ ಒಬ್ಬರಿಗೊಬ್ಬರು ಹೇಳಿಕೊಂತ ಅಡ್ಡಾಡವರು. ನೀ ಗುಮ್ಮನಂಗ ಕುಂದರಬ್ಯಾಡ. ಕೊಟ್ಟದ್ದು ಚಲೋ ಆಗಿದ್ರ ಬಾಯಿ ತುಂಬ ಹೇಳು. ಒಬ್ಬರಿಗೆ ಹೇಳಿ ಸುಮ್ಮನಾಗಬ್ಯಾಡ, ಎಲ್ಲಾರಿಗೂ ಹೇಳು."

"ಹೂಂ ಯವ್ವಾ. ಹಂಗ ಮಾಡತೀನಿ."

ಚನವೀರಪ್ಪನ ಪಡಸಾಲೆಯಲ್ಲಿ ಗೆಳೆಯರೆಲ್ಲ ಸೇರಿದ್ದರು. ಕನ್ಯೆಯ ಮಾತು ಯಾರಿಗೆ ಬೇಕು?

"ಗಿರ್ಮಿಟ್ ತಿಂದ್ರ ಟೇಸನ್ ರೋಡಿನ ಗಾಡಿದ ತಿನ್ನಬೇಕ್ರಿ."

"ತಿನ್ರಿ, ಯಾರು ಬ್ಯಾಡಂತಾರ? ಆದ್ರ ಮಿರ್ಚಿ ಮಾತ್ರ ಅಲ್ಲಿ ಮುಟ್ಟಬ್ಯಾಡ್ರಿ. ಮಿರ್ಚಿಗೆ ನಮ್ಮ ಸಂತಿ ಪ್ಯಾಟಿಗೇ ಬರಬೇಕು!"

"ಕುಂದಾ?"

"ಬೆಳಗಾವಿ ಬಿಟ್ಟು ಮಾತಾಡಬ್ಯಾಡ್ರಿ!"

ಅಡಿವೆವ್ವ ಕಂಬಕ್ಕೆ ಒರಗಿ ಕೇಳಿದಳು. ತಿನ್ನುವವರಿಗೆ ಎಷ್ಟು ಮಾತಿದೆಯಪ್ಪಾ ಅನಿಸಿತು. ರೊಟ್ಟಿ ಬಡಿಯುವವರಿಗೆ ರಟ್ಟೆ ನೋವೊಂದೇ. ಹಾಗೇ ಕಣ್ಣು ಮುಚ್ಚಿಬಂತು.

ನಿಂಬೆವ್ವ ಶಿರಾ ತಂದಿಟ್ಟಳು. ದುಂಡಪ್ಪ ಒಂದು ತುತ್ತು ಬಾಯಿಗಿಟ್ಟ. ತುಪ್ಪ, ಯಾಲಕ್ಕಿ, ಹದಕ್ಕೆ ಹುರಿದ ರವೆ. ಅವನ ಕಣ್ಣುಗಳು ಅಗಲವಾದವು.

"ಭಾಳ ಚಲೋ ಐತ್ರಿ!"

ಚನವೀರಪ್ಪ ಹಿಗ್ಗಿದ. ಗೆಳೆಯರು ತಲೆ ಆಡಿಸಿದರು. ದುಂಡಪ್ಪ ಒಬ್ಬೊಬ್ಬರ ಮುಂದೆಯೂ ಹೋಗಿ, "ಭಾಳ ಚಲೋ ಐತ್ರಿ, ಭಾಳ ಚಲೋ ಐತ್ರಿ" ಅಂದ. ಪಡಸಾಲೆಯಲ್ಲಿ ಹೇಳಲು ಇನ್ನು ಯಾರೂ ಉಳಿಯಲಿಲ್ಲ. "ಈಗ ಬಂದೆ" ಅಂದವನೇ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅಂದು ಆ ಊರಿನ ಸಂತೆ.

ಅಡಿವೆವ್ವನಿಗೆ ಎಚ್ಚರವಾದದ್ದು ಗದ್ದಲಕ್ಕೆ. ನೋಡುತ್ತಾಳೆ, ಉಳ್ಳಾಗಡ್ಡಿ ಮಾರುವವರು, ಬಳೆ ಮಾರುವವರು, ಎತ್ತು ಕೊಳ್ಳಲು ಬಂದವರು, ಎಲ್ಲರೂ ಅಂಗಳದಲ್ಲಿ ಸಾಲು ಹಿಡಿದು ಕೂತಿದ್ದಾರೆ. ಎಲ್ಲರ ಮುಂದೆ ದುಂಡಪ್ಪ.

"ಇದ ಮನಿ ನೋಡ್ರಿ! ಶಿರಾ ಅಂದ್ರ ಇಲ್ಲೀದು! ಕೈ ತೊಳಕೊಂಡು ಕುಂದರ್ರಿ, ಈಗ ತರತಾರ!"

ಅಡಿವೆವ್ವ ಎದ್ದಳು. ಮಗನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಹಣೇಬಾರ ಅನ್ನಲೂ ಉಸಿರಿರಲಿಲ್ಲ.

"ಸಂತಿನ ಕರಕೊಂಡು ಬಂದೀಯಲ್ಲೋ! ಚಲೋದು ಸಿಕ್ಕರ ಹಿಂಗ ಡಂಗುರ ಸಾರತಾರೇನು? ಕೇಳು. ಇನ್ನ ಮ್ಯಾಲೆ ಯಾವುದರೆ ಚಲೋ ಅನಿಸಿದ್ರ ಒಬ್ಬರ ಮುಂದೂ ಬಾಯಿ ಬಿಡಬ್ಯಾಡ. ಯಾರರೆ ಕೇಳಿದ್ರ ಮಾರಿ ಸೊಟ್ಟ ಮಾಡು. 'ಏನೂ ಚಲೋ ಇಲ್ರಿ, ಬ್ಯಾರೆ ಕಡೆ ನೋಡ್ರಿ' ಅನ್ನು. ಆಗ ಯಾರೂ ಬರೂದಿಲ್ಲ. ತಿಳೀತಾ?"

"ಹೂಂ ಯವ್ವಾ. ಹಂಗ ಮಾಡತೀನಿ."

ಅತ್ತ ನಿಂಬೆವ್ವ ಗಾಬರಿಯಾಗಲಿಲ್ಲ. ಸೆರಗು ಸಿಕ್ಕಿಸಿ, ದೊಡ್ಡ ಬೋಗುಣಿ ಒಲೆಗೇರಿಸಿ, ಇದ್ದಬದ್ದ ರವೆಯನ್ನೆಲ್ಲ ಹುರಿದು ಸಂತೆಗೆಲ್ಲ ಬಡಿಸಿದಳು. ಸಂತೆಯವರು ತಿಂದರು, ಬೆರಳು ನೆಕ್ಕಿದರು. "ಎಂಥಾ ಕೈ ಮಗಳ ನಿಂದು!" ಅಂತ ಹರಸಿ ಹೋದರು. ಒಲೆಯ ಮುಂದೆ ಆ ಹುಡುಗಿಯ ಕೈ ಆಡುವುದನ್ನು ನೋಡುತ್ತ ನಿಂತ ಅಡಿವೆವ್ವನ ಹೊಟ್ಟೆ ತಣ್ಣಗಾಯಿತು. ದೇವರೇ, ಇದೊಂದು ಕೂಡಿಬರಲಿ ಅಂದುಕೊಂಡಳು.

ಚನವೀರಪ್ಪನಿಗಂತೂ ಸಿಟ್ಟೇ ಬರಲಿಲ್ಲ. ಮೀಸೆ ತಿರುವಿಕೊಂಡು ಕೂತಿದ್ದ.

"ಇಡೀ ಸಂತಿ ನನ್ನ ಮಗಳ ಕೈ ಹೊಗಳಿತಲ್ರಿ! ನಾನೂ ಇಷ್ಟ ವರ್ಷ ಊರೂರು ತಿಂದು ಮಂದಿಗೆ ಹೇಳೀನಿ. ಇಂಥಾ ಹೇಳಾವ ನನಗ ಸಿಕ್ಕಿದ್ದಿಲ್ಲ. ಮಗಳ, ನೀ ಏನಂತಿ?"

ನಿಂಬೆವ್ವ ಒಳಬಾಗಿಲಲ್ಲಿ ನಿಂತು, ಸೆರಗಿನಿಂದ ಹಣೆ ಒರೆಸಿಕೊಂಡಳು. "ನನಗ ಒಪ್ಪಿಗಿ ಅಪ್ಪಾ. ಮನಸಿನಾಗ ಇದ್ದದ್ದನ್ನ ಹೇಳಾವ್ರದಾರ."

ಅಡಿವೆವ್ವನ ಕಣ್ಣಲ್ಲಿ ನೀರು ತುಂಬಿತು. ಚನವೀರಪ್ಪ ಸಕ್ಕರೆಯ ಬಟ್ಟಲು ಕೈಗೆತ್ತಿಕೊಂಡ. ಎಲ್ಲರ ಬಾಯಿ ಸಿಹಿ ಮಾಡಿದರೆ ಮಾತು ಮುಗಿದಂತೆ.

"ಹೇಳಪಾ ದುಂಡಪ್ಪಾ, ಹುಡುಗಿ ಹೆಂಗ ಅನಿಸಿದ್ಲು?"

ದುಂಡಪ್ಪ ನಿಂಬೆವ್ವನನ್ನು ನೋಡಿದ. ಒಲೆಯ ಬಿಸಿಗೆ ಅವಳ ಮುಖ ಕೆಂಪಾಗಿತ್ತು. ಅವಳು ನಕ್ಕಳು. ಅವನಿಗೂ ನಗು ಬಂತು, ತಡೆದುಕೊಂಡ. ಸುತ್ತಲೂ ಕೂತ ಗೆಳೆಯರನ್ನು ನೋಡಿದ. ಇವರಿಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾದಂತೆಯೇ. ಹಾಗಲಕಾಯಿ ಕಚ್ಚಿದವನಂತೆ ಮುಖ ಸೊಟ್ಟ ಮಾಡಿದ.

"ಏನೂ ಚಲೋ ಇಲ್ರಿ. ಬ್ಯಾರೆ ಕಡೆ ನೋಡ್ರಿ."

ಸಕ್ಕರೆಯ ಬಟ್ಟಲು ಅಲ್ಲೇ ನಿಂತಿತು. ನಿಂಬೆವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಡಿವೆವ್ವ ಏನೇನೋ ಹೇಳಿದಳು, ನಾನೇ ಹೇಳಿಕೊಟ್ಟೆ ಅಂದಳು, ಅವನಿಗೆ ತಿಳಿಯುವುದಿಲ್ಲ ಅಂದಳು, ಕೈ ಮುಗಿದಳು. ಯಾರೂ ಕೇಳಲಿಲ್ಲ. ಒಳ್ಳೆಯ ಅಡುಗೆಗಾಗಿ ಏನನ್ನು ಬೇಕಾದರೂ ಕ್ಷಮಿಸುವ ಚನವೀರಪ್ಪ ಮಗಳ ವಿಷಯದಲ್ಲಿ ಕ್ಷಮಿಸುವವನಾಗಿರಲಿಲ್ಲ.

ಬಸ್ಸು ತುಂಬಿತ್ತು. ಅಡಿವೆವ್ವನಿಗೆ ಮೇಲಿನ ಸರಳು ಹಿಡಿಯಲು ಕೈ ಏಳಲಿಲ್ಲ. ದುಂಡಪ್ಪ ಅವ್ವ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ನಿಂತ. ಆಕೆ ಬೈಯಲಿಲ್ಲ. ಹೊಸದೊಂದು ಬುದ್ಧಿ ಹೇಳುವ ಧೈರ್ಯ ಆಕೆಗೆ ಉಳಿದಿರಲಿಲ್ಲ.

ಊರು ದಾಟಿದ ಮೇಲೆ ದುಂಡಪ್ಪ ಹಿಂದೆ ನೋಡಿದ, ಮುಂದೆ ನೋಡಿದ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಗ್ಗಿ ಅವ್ವನ ಕಿವಿಯಲ್ಲಿ ಪಿಸುಗುಟ್ಟಿದ.

"ಯವ್ವಾ, ಹುಡುಗಿ ಭಾಳ ಭಾಳ ಚಲೋ ಅದಾಳ. ಒಬ್ಬರಿಗೂ ಗೊತ್ತಾಗಗೊಟ್ಟಿಲ್ಲ. ನಾಳೆ ನಾವಿಬ್ಬರ ಹೋಗಿ ಕರಕೊಂಡು ಬರೂಣು."